ಯೆಮೆನ್ ಸುದ್ದಿ ಓದುವ ಕ್ರಮ: ಯಾರ ನೆಲ, ಯಾರ ಸಂಬಳ, ಯಾರ ಬಂದೂಕು

‘ಇರಾನ್ ಬೆಂಬಲಿತ ಹೌತಿ ಬಂಡುಕೋರರು’, ‘ಸೌದಿ ನೇತೃತ್ವದ ಮೈತ್ರಿಕೂಟ’. ಯೆಮೆನ್ ಸುದ್ದಿ ಬಂದಾಗಲೆಲ್ಲ ಈ ಎರಡು ವಿಶೇಷಣಗಳು ಜೊತೆಗೇ ಬರುತ್ತವೆ. ಎರಡೂ ಸುಳ್ಳಲ್ಲ. 2014ರಲ್ಲಿ ಹೌತಿಗಳು ರಾಜಧಾನಿ ಸನಾ ಹಿಡಿದರು, 2015ರ ಮಾರ್ಚ್‌ನಲ್ಲಿ ಸೌದಿ ಕೂಟ ಅವರ ಮೇಲೆ ಬಾಂಬ್ ಹಾಕಲು ಶುರುಮಾಡಿತು. ಆದರೆ ಇವೆರಡನ್ನೇ ಹಿಡಿದುಕೊಂಡು ಓದಿದರೆ ಮೂರು ಕಡೆ ಎಡವುತ್ತೇವೆ. ಹೌತಿಗಳ ಜೊತೆಗಿದ್ದ ಮಾಜಿ ಅಧ್ಯಕ್ಷ ಅಲಿ ಅಬ್ದುಲ್ಲಾ ಸಲೇಹ್ 2017ರ ಡಿಸೆಂಬರ್ 4ರಂದು ಹೌತಿಗಳ ಕೈಯಲ್ಲೇ ಸತ್ತದ್ದು ಏಕೆ? ಸೌದಿ ಕಾಪಾಡುತ್ತಿದ್ದ ಸರ್ಕಾರವನ್ನು ಯುಎಇ ಸಾಕಿದ ಪಡೆ 2019ರ ಆಗಸ್ಟ್‌ನಲ್ಲಿ ಏಡನ್‌ನಿಂದ ಹೊರದಬ್ಬಿದ್ದು ಏಕೆ? 2023ರ ಮಾರ್ಚ್ 10ರಂದು ಬೀಜಿಂಗ್‌ನಲ್ಲಿ ಸೌದಿ ಮತ್ತು ಇರಾನ್ ರಾಜಿಯಾದ ಮೇಲೂ, ಅದೇ ನವೆಂಬರ್‌ನಲ್ಲಿ ಕೆಂಪು ಸಮುದ್ರ ಹೊತ್ತಿಕೊಂಡದ್ದು ಏಕೆ?

ಪರೋಕ್ಷ ಯುದ್ಧ ಎಂದಕೂಡಲೇ ನಾವು ಸೂತ್ರದ ಗೊಂಬೆಯಾಟವನ್ನು ಕಲ್ಪಿಸಿಕೊಳ್ಳುತ್ತೇವೆ. ಯೆಮೆನ್‌ನಲ್ಲಿ ನಡೆದದ್ದು ಹಾಗಲ್ಲ. ಮೊದಲು ಸ್ಥಳೀಯ ಜಗಳ, ಆಮೇಲೆ ಹೊರಗಿನ ದುಡ್ಡು. ಈ ಅನುಕ್ರಮವನ್ನು ತಲೆಕೆಳಗು ಮಾಡದೆ ಓದಲು ಬೇಕಾದ ಕ್ರಮ ಕೆಳಗಿದೆ. ಒಂದು ನೋಟ್‌ಬುಕ್, ಒಂದು ಪೆನ್ನು, ಒಂದು ಪೆನ್ಸಿಲ್, ಬೆಟ್ಟಗುಡ್ಡ ತೋರಿಸುವ ಒಂದು ನಕ್ಷೆ ಇದ್ದರೆ ಸಾಕು. ಮೊದಲ ಸಲಕ್ಕೆ ಒಂದು ಗಂಟೆ ಹಿಡಿಯುತ್ತದೆ. ಆಮೇಲೆ ಪ್ರತಿ ಸುದ್ದಿಗೆ ಐದು ನಿಮಿಷ.

ಮೊದಲು ನಕ್ಷೆ: ಏಳು ಊರು, ಒಂದು ಜಲಸಂಧಿ

ಇದನ್ನು ಪೆನ್ನಿನಲ್ಲಿ ಬರೆಯಿರಿ, ಬದಲಾಗುವುದಿಲ್ಲ. ಉತ್ತರದ ತುದಿಯಲ್ಲಿ, ಸೌದಿ ಗಡಿಗೆ ಅಂಟಿಕೊಂಡಂತೆ ಸಾದಾ: ಹೌತಿಗಳ ತವರು. ಅದರ ದಕ್ಷಿಣಕ್ಕೆ, ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದಲ್ಲಿ ರಾಜಧಾನಿ ಸನಾ. ಸನಾದಿಂದ ಪಶ್ಚಿಮಕ್ಕೆ ಘಟ್ಟ ಇಳಿದರೆ ಕೆಂಪು ಸಮುದ್ರದ ಬಂದರು ಹೊದೈದಾ. ಅಲ್ಲಿಂದ ಕರಾವಳಿಗುಂಟ ದಕ್ಷಿಣಕ್ಕೆ ಮೋಖಾ. ನಮ್ಮ ಚಂದ್ರದ್ರೋಣ ಬೆಟ್ಟಕ್ಕೆ ಬಾಬಾಬುಡನ್ ಕಾಫಿ ಬೀಜ ತಂದರೆಂದು ಐತಿಹ್ಯ ಹೇಳುವ ಊರು ಇದೇ. ಮೂಲೆ ತಿರುಗಿದರೆ ಏಡನ್. ಸನಾದಿಂದ ಪೂರ್ವಕ್ಕೆ ಸುಮಾರು 120 ಕಿಲೋಮೀಟರ್ ದೂರದಲ್ಲಿ ತೈಲ ಮತ್ತು ಅನಿಲ ಸಿಗುವ ಮಾರಿಬ್. ಇನ್ನೂ ಪೂರ್ವಕ್ಕೆ, ಹದ್ರಮೌತ್ ಪ್ರಾಂತ್ಯದ ಬಂದರು ಮುಕಲ್ಲಾ.

ಮೋಖಾಕ್ಕೂ ಏಡನ್‌ಗೂ ನಡುವೆ ಬಾಬ್ ಅಲ್ ಮಂದಬ್ ಜಲಸಂಧಿ ಇದೆ. ತೀರಾ ಕಿರಿದಾದ ಕಡೆ ಅಗಲ ಸುಮಾರು 30 ಕಿಲೋಮೀಟರ್, ನಡುವೆ ಮಯ್ಯೂನ್ ದ್ವೀಪ. ಸೂಯೆಜ್‌ಗೆ ಹೋಗುವ ಹಡಗೆಲ್ಲ ಇಲ್ಲಿ ನುಸುಳಲೇಬೇಕು.

ನಕ್ಷೆ ಮುಗಿದ ಮೇಲೆ ಒಂದು ಗೆರೆ ಎಳೆಯಿರಿ. 1990ರ ಮೇ 22ಕ್ಕೆ ಮೊದಲು ಇವು ಎರಡು ದೇಶ. ಉತ್ತರದಲ್ಲಿ ಸನಾದ ಗಣರಾಜ್ಯ, ದಕ್ಷಿಣದಲ್ಲಿ 1967ರಲ್ಲಿ ಬ್ರಿಟಿಷರು ಬಿಟ್ಟುಹೋದ ಏಡನ್‌ನ ಸಮಾಜವಾದಿ ಸರ್ಕಾರ. ಒಂದಾದ ನಾಲ್ಕೇ ವರ್ಷಕ್ಕೆ, 1994ರಲ್ಲಿ, ಯುದ್ಧವಾಗಿ ದಕ್ಷಿಣ ಸೋತಿತು. ಏಡನ್‌ನಲ್ಲಿ ಹಾರುತ್ತ ಬಂದ ಪ್ರತ್ಯೇಕ ಬಾವುಟದ ಹಿಂದಿರುವುದು ಆ ಸೋಲಿನ ನೋವು. ಅಬುಧಾಬಿಗೂ ಅದರ ಹುಟ್ಟಿಗೂ ಸಂಬಂಧವಿಲ್ಲ. ಈ ಗೆರೆ ಎಳೆಯದವರಿಗೆ ಯುಎಇ ಪಾತ್ರ ಎಂದಿಗೂ ಅರ್ಥವಾಗುವುದಿಲ್ಲ.

ಐದು ಕಲಮಿನ ಪಟ್ಟಿ

ಈಗ ಪೆನ್ಸಿಲ್. ಪುಟ ಅಡ್ಡ ಹಿಡಿದು ಐದು ಕಲಂ ಹಾಕಿ: ಪಡೆಯ ಹೆಸರು; ಹಿಡಿದಿರುವ ನೆಲ; ಸಂಬಳ ಕೊಡುವವರು; ಆಯುಧ ಬರುವ ದಾರಿ; ಪೋಷಕ ಬರುವ ಮೊದಲೇ ಇವರಿಗೆ ಏನು ಬೇಕಿತ್ತು. ಕೊನೆಯ ಕಲಮಿಗೆ ಹೆಚ್ಚು ಜಾಗ ಬಿಡಿ. ಹೆಚ್ಚಿನವರು ಅದನ್ನು ಖಾಲಿ ಬಿಡುತ್ತಾರೆ, ಎಲ್ಲ ತಪ್ಪುಗಳೂ ಅಲ್ಲಿಂದಲೇ ಹುಟ್ಟುತ್ತವೆ.

ಹೌತಿಗಳ ಸಾಲನ್ನು ತುಂಬೋಣ. ಅವರು ತಮ್ಮನ್ನು ಅನ್ಸಾರ್ ಅಲ್ಲಾ ಎಂದು ಕರೆದುಕೊಳ್ಳುತ್ತಾರೆ. 1990ರ ದಶಕದಲ್ಲಿ ಸಾದಾದಲ್ಲಿ ಜೈದಿ ಯುವಕರ ಸಂಘಟನೆಯೊಂದು ಹುಟ್ಟಿತು. ಸಾವಿರ ವರ್ಷ ಉತ್ತರ ಯೆಮೆನ್ ಆಳಿದ ಇಮಾಮರ ಪಂಥ ಜೈದಿ, ಶಿಯಾ ಇಸ್ಲಾಮಿನ ಒಂದು ಕವಲು. 1962ರ ಕ್ರಾಂತಿಯ ನಂತರ ಅದರ ತವರು ಮೂಲೆಗುಂಪಾಯಿತು. ಸಾಲದ್ದಕ್ಕೆ, ಅದೇ ಸಾದಾದ ದಮ್ಮಾಜ್‌ನಲ್ಲಿ ಸೌದಿಯಲ್ಲಿ ಓದಿ ಬಂದ ಸಲಫಿ (ಕಟ್ಟುನಿಟ್ಟಿನ ಸುನ್ನಿ ಪಂಥದ) ಗುರುವಿನ ದೊಡ್ಡ ಮದ್ರಸಾ ತಲೆಯೆತ್ತಿತು. ರಸ್ತೆಯಿಲ್ಲ, ಕೆಲಸವಿಲ್ಲ, ಮನೆಯ ಪಕ್ಕದಲ್ಲೇ ತಮ್ಮ ಪಂಥವನ್ನು ಹೀಗಳೆಯುವ ಪಾಠ. ಈ ಸಿಟ್ಟಿಗೆ ದನಿಯಾದವರು ಹುಸೇನ್ ಅಲ್ ಹೌತಿ. 2004ರ ಸೆಪ್ಟೆಂಬರ್‌ನಲ್ಲಿ ಆಗ ಅಧ್ಯಕ್ಷರಾಗಿದ್ದ ಸಲೇಹ್‌ರ ಸೇನೆ ಅವರನ್ನು ಕೊಂದಿತು. 2010ರೊಳಗೆ ಆರು ಸುತ್ತಿನ ಯುದ್ಧ ನಡೆಯಿತು. ಆ ಆರು ಸುತ್ತಿನಲ್ಲೇ ಅವರು ಕಾದಾಡಲು ಕಲಿತದ್ದು.

‘ಸರ್ಕಾರಿ ಪಡೆ’ ಎಂಬುದನ್ನು ಒಂದೇ ಸಾಲಿನಲ್ಲಿ ಬರೆಯಬೇಡಿ, ಕನಿಷ್ಠ ನಾಲ್ಕು ಸಾಲು ಬೇಕು. 2022ರ ಹೊತ್ತಿಗೆ ಚಿತ್ರ ಹೀಗಿತ್ತು. ಮಾರಿಬ್‌ನಲ್ಲಿ ಇಸ್ಲಾಹ್ ಪಕ್ಷದ ಪ್ರಭಾವವಿರುವ ಸೇನೆ, ಸೌದಿ ಆಸರೆಯದ್ದು. ಏಡನ್‌ನಲ್ಲಿ 2017ರ ಮೇ ತಿಂಗಳಲ್ಲಿ ಐದರೂಸ್ ಅಲ್ ಝುಬೈದಿ ಕಟ್ಟಿದ ದಕ್ಷಿಣ ಪರಿವರ್ತನಾ ಮಂಡಳಿ, ಯುಎಇ ಬೆಂಬಲದ್ದು, ಗುರಿ ಪ್ರತ್ಯೇಕ ದಕ್ಷಿಣ. ಮೋಖಾದಲ್ಲಿ ಸಲೇಹ್‌ರ ಸೋದರನ ಮಗ ತಾರಿಕ್ ಸಲೇಹ್‌ರ ಪಡೆ. ಪ್ರತ್ಯೇಕತೆಯ ವಿರೋಧಿ, ಆದರೂ ಯುಎಇ ಬೆಂಬಲದ್ದೇ. ನಾಲ್ಕನೆಯದು ಅಮಾಲಿಕಾ ಬ್ರಿಗೇಡ್‌ಗಳು: ದಕ್ಷಿಣದ ಸಲಫಿ ಹೋರಾಟಗಾರರು. 2022ರ ಏಪ್ರಿಲ್ 7ರಂದು ಇವರನ್ನೆಲ್ಲ ರಶಾದ್ ಅಲ್ ಅಲಿಮಿ ಅಧ್ಯಕ್ಷತೆಯ ಎಂಟು ಜನರ ನಾಯಕತ್ವ ಮಂಡಳಿಯಲ್ಲಿ ಕೂರಿಸಿದರು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎನ್ನುವ ಹಾಗೆ, ಕೂತವರ ಗುರಿಗಳು ಕೂತಲ್ಲೇ ಬೇರೆಯಾಗಿದ್ದವು.

ಪಂಥದ ಪರೀಕ್ಷೆ

‘ಇದು ಸುನ್ನಿ–ಶಿಯಾ ಯುದ್ಧ’ ಎಂಬ ಸಾಲು ಕಂಡಲ್ಲಿ ನಿಲ್ಲಿ. ಅದನ್ನು 1962ಕ್ಕೆ ಒಯ್ದು ಉಜ್ಜಿ ನೋಡಿ.

1962ರ ಸೆಪ್ಟೆಂಬರ್ 26ರಂದು ಸನಾದಲ್ಲಿ ಸೇನಾಧಿಕಾರಿಗಳು ಜೈದಿ ಇಮಾಮರನ್ನು ಉರುಳಿಸಿದರು. ಗಣರಾಜ್ಯದ ಬೆನ್ನಿಗೆ ಈಜಿಪ್ಟಿನ ನಾಸೆರ್ ನಿಂತರು, ಅವರ ಸೇನೆಯ ಸಂಖ್ಯೆ ಒಂದು ಹಂತದಲ್ಲಿ 70 ಸಾವಿರದ ಹತ್ತಿರ ಹೋಗಿತ್ತು. ಶಿಯಾ ಕವಲಿನ ಇಮಾಮರಿಗೆ ಹಣ, ಬಂದೂಕು ಕೊಟ್ಟು ನಿಂತವರು ಯಾರು? ಸುನ್ನಿ ಸೌದಿ ಅರೇಬಿಯಾ. ಪಕ್ಕದ ಮನೆಯಲ್ಲಿ ರಾಜಶಾಹಿ ಉರುಳಿದರೆ ತನ್ನದೂ ಅಲುಗೀತು ಎಂಬ ಭಯ ಅದಕ್ಕೆ. 1967ರಲ್ಲಿ ಇಸ್ರೇಲ್ ಎದುರು ಸೋತ ನಂತರ ಈಜಿಪ್ಟ್ ಹಿಂದೆ ಸರಿಯಿತು, 1970ರಲ್ಲಿ ಸೌದಿ ಗಣರಾಜ್ಯವನ್ನು ಒಪ್ಪಿಕೊಂಡಿತು. ಅದೇ ನೆಲ, ಅದೇ ಜೈದಿಗಳು, ಅದೇ ಸೌದಿ. ಪಂಥ ಬದಲಾಗಿಲ್ಲ, ಪಕ್ಷ ಮಾತ್ರ ಬದಲಾಗಿದೆ.

ಇನ್ನೂ ಮೂರು ಉಜ್ಜು. ಹೌತಿಗಳ ಮೇಲೆ ಆರು ಯುದ್ಧ ಸಾರಿದ ಸಲೇಹ್ ಸ್ವತಃ ಜೈದಿ. 2015ರ ಏಪ್ರಿಲ್ 10ರಂದು ಪಾಕಿಸ್ತಾನದ ಸಂಸತ್ತು ಸೌದಿ ಕೂಟಕ್ಕೆ ಸೇರದೆ ತಟಸ್ಥವಾಗಿರಲು ನಿರ್ಣಯಿಸಿತು. ಕೂಟದಲ್ಲೇ ಇದ್ದ ಕತಾರ್‌ಅನ್ನು 2017ರ ಜೂನ್‌ನಲ್ಲಿ ಸೌದಿ, ಯುಎಇ, ಬಹ್ರೇನ್, ಈಜಿಪ್ಟ್ ಸೇರಿ ದಿಗ್ಬಂಧಿಸಿದಾಗ ಅದು ಯೆಮೆನ್ ಕೂಟದಿಂದಲೂ ಹೊರಬಿತ್ತು.

ಹಾಗೆಂದು ಪಂಥಕ್ಕೆ ಬೆಲೆಯೇ ಇಲ್ಲ ಎನ್ನುವುದೂ ತಪ್ಪು. ಯುದ್ಧ ಉದ್ದವಾದಷ್ಟೂ ಎರಡೂ ಕಡೆ ಮಸೀದಿಯ ಭಾಷೆ ಬಿಸಿಯಾಗುತ್ತದೆ, ಹುಡುಗರನ್ನು ಸೇರಿಸಿಕೊಳ್ಳಲು ಅದು ಬೇಕಾಗುತ್ತದೆ. ಪಂಥ ಇಲ್ಲಿ ಕಿಡಿಯಲ್ಲ, ಬೆಂಕಿ ಹೊತ್ತಿದ ಮೇಲೆ ಸುರಿಯುವ ಎಣ್ಣೆ ಎಂಬುದು ನಮ್ಮ ತೀರ್ಮಾನ.

ಸಂಬಳ ಮತ್ತು ನೋಟು

ಇಲ್ಲಿ ಹೆಚ್ಚು ಹೊತ್ತು ಕಳೆಯಿರಿ. ಬಾಂಬ್ ಬಿದ್ದ ಸುದ್ದಿಗಿಂತ ಬ್ಯಾಂಕಿನ ಸುದ್ದಿ ಹೆಚ್ಚು ಹೇಳುತ್ತದೆ.

2016ರ ಸೆಪ್ಟೆಂಬರ್‌ನಲ್ಲಿ ಸೌದಿ ಬೆಂಬಲಿಸುತ್ತಿದ್ದ ಸರ್ಕಾರದ ಅಧ್ಯಕ್ಷ ಹಾದಿ ಕೇಂದ್ರ ಬ್ಯಾಂಕನ್ನು ಸನಾದಿಂದ ಏಡನ್‌ಗೆ ಸ್ಥಳಾಂತರಿಸಿದರು. ಹೌತಿಗಳ ಗಂಟಲು ಹಿಸುಕುವ ಉಪಾಯ ಅದು. ಹಿಸುಕಿದ್ದು ಮೇಷ್ಟರು, ದಾದಿಯರ ಗಂಟಲನ್ನು: ಸುಮಾರು 12 ಲಕ್ಷ ಸರ್ಕಾರಿ ನೌಕರರಲ್ಲಿ ಬಹುಪಾಲು ಜನರ ಸಂಬಳ ನಿಂತಿತು ಇಲ್ಲವೇ ಚೂರುಪಾರಾಯಿತು. ಹೊಟ್ಟೆಗಿಲ್ಲದ ಮನೆಯ ಹುಡುಗ ದಿನಭತ್ಯೆ ಕೊಡುವ ಪಡೆಗೆ ಸೇರುತ್ತಾನೆ, ಆ ಪಡೆ ಯಾವುದೆಂದು ಹೆಚ್ಚು ಯೋಚಿಸುವ ಸ್ಥಿತಿ ಅವನದಲ್ಲ. ಏಡನ್ ಹೊಸ ನೋಟು ಅಚ್ಚುಹಾಕಿಸಿತು. 2020ರ ಜನವರಿಯಿಂದ ಹೌತಿಗಳು ಆ ನೋಟುಗಳನ್ನು ನಿಷೇಧಿಸಿದರು. ಅಂದಿನಿಂದ ಒಂದೇ ದೇಶದಲ್ಲಿ ಎರಡು ರಿಯಾಲ್.

ಆದ್ದರಿಂದ ಸುದ್ದಿಯಲ್ಲಿ ರಿಯಾಲ್ ಕಂಡರೆ ಮೊದಲು ‘ಯಾವ ರಿಯಾಲ್?’ ಎಂದು ಕೇಳಿ. ಲೆಕ್ಕ ಹೀಗೆ ಮಾಡಿ: ಮೇಷ್ಟರ ಸಂಬಳ 60,000 ರಿಯಾಲ್ ಎಂದುಕೊಳ್ಳಿ. ಯುದ್ಧಕ್ಕೆ ಮೊದಲು ಡಾಲರ್‌ಗೆ 215 ರಿಯಾಲ್ ಇದ್ದಾಗ ಅದು 279 ಡಾಲರ್. ಸನಾದಲ್ಲಿ ಬಿಗಿಹಿಡಿದ ದರ, ಡಾಲರ್‌ಗೆ 530ರ ಆಸುಪಾಸು, ಹಿಡಿದರೆ 113. ಏಡನ್‌ನಲ್ಲಿ ದರ 2,000 ಮುಟ್ಟಿದಾಗ ಬರೀ 30. ಸನಾದ ದರ ಚೆನ್ನಾಗಿದೆ ಎಂದು ಸನಾದಲ್ಲಿ ಸುಖವಿದೆ ಎಂದುಕೊಳ್ಳಬೇಡಿ, ಅಲ್ಲಿ ದರ ಇದೆ, ಸಂಬಳವಿಲ್ಲ.

ಪೋಷಕರ ಕೈ ಕಾಣುವುದೂ ಇಲ್ಲೇ. 2018ರಲ್ಲಿ ಸೌದಿ ಏಡನ್‌ನ ಬ್ಯಾಂಕಿನಲ್ಲಿ 200 ಕೋಟಿ ಡಾಲರ್ ಠೇವಣಿ ಇಟ್ಟಿತು, ರಿಯಾಲ್ ಚೇತರಿಸಿಕೊಂಡಿತು. ಠೇವಣಿ ಬರಿದಾದಂತೆ ಮತ್ತೆ ಕುಸಿಯಿತು. ಹೌತಿಗಳ ಕಥೆ ಬೇರೆ. ಅವರ ಬೊಕ್ಕಸಕ್ಕೆ ಹೊದೈದಾ ಬಂದರಿನ ಸುಂಕ, ಇಂಧನ ಮಾರಾಟ, ಝಕಾತ್, ಗಡಿಗೇಟುಗಳ ತೆರಿಗೆ ಬರುತ್ತದೆ. ತಿಂಗಳ ಖರ್ಚಿಗೆ ಟೆಹರಾನ್ ಕಡೆ ನೋಡಬೇಕಾದ ಸ್ಥಿತಿ ಅವರಿಗಿಲ್ಲ. ಸಂಬಳಕ್ಕೆ ಹೊರಗಿನವರನ್ನು ನಂಬಿದ ಪಡೆಗೂ ಬಂದರು ತನ್ನದೇ ಆಗಿರುವ ಪಡೆಗೂ ಇರುವ ವ್ಯತ್ಯಾಸ ಇದು. 2018ರಲ್ಲಿ ಹೊದೈದಾಕ್ಕಾಗಿ ಅಷ್ಟು ರಕ್ತ ಹರಿದದ್ದು, ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದ ಆ ಬಂದರಿನ ಸುತ್ತಲೇ ಸುತ್ತಿದ್ದು ಇದಕ್ಕೇ.

ಆಯುಧದ ಪುರಾವೆ: ನಾಲ್ಕು ಮೆಟ್ಟಿಲು

‘ಇರಾನ್ ಕ್ಷಿಪಣಿ’ ಎಂಬ ಮಾತಿಗೆ ಎಷ್ಟು ತೂಕ ಕೊಡಬೇಕು? ಮೆಟ್ಟಿಲು ಹಾಕಿ. ಕೆಳಗಿನದು, ಎದುರಾಳಿಯ ಹೇಳಿಕೆ. ಅದರ ಮೇಲಿನದು, ಸಮುದ್ರದಲ್ಲಿ ಸಿಕ್ಕ ಸರಕು: 2013ರ ಜನವರಿಯಲ್ಲಿ ಹಿಡಿದ ಜಿಹಾನ್ 1 ಹಡಗು, 2024ರ ಜನವರಿ 11ರಂದು ಸೊಮಾಲಿಯಾ ಬಳಿ ಅಮೆರಿಕ ನೌಕಾಪಡೆ ತಡೆದ ಕ್ಷಿಪಣಿ ಭಾಗಗಳಿದ್ದ ಮಚ್ವೆ. ಮೂರನೆಯದು, ಬಿದ್ದ ಕ್ಷಿಪಣಿಯ ಬಿಡಿಭಾಗ, ಸರಣಿ ಸಂಖ್ಯೆ, ಬೆಸುಗೆಗಳ ಪರಿಶೀಲನೆ. ಎಲ್ಲಕ್ಕಿಂತ ಮೇಲಿನದು, ಗುಂಡಿ ಒತ್ತುವ ಆಜ್ಞೆ ಕೊಟ್ಟವರು ಯಾರೆಂಬುದರ ಪುರಾವೆ. ಈ ಕೊನೆಯದು ತೀರಾ ಅಪರೂಪಕ್ಕೆ ಸಿಗುತ್ತದೆ. ಮೂರನೆಯ ಮೆಟ್ಟಿಲಿನ ಪುರಾವೆ ತೋರಿಸಿ ನಾಲ್ಕನೆಯ ಮೆಟ್ಟಿಲಿನ ಮಾತು ಹೇಳುವ ವರದಿಗಳೇ ಹೆಚ್ಚು.

2017ರ ನವೆಂಬರ್ 4ರಂದು ರಿಯಾದ್ ವಿಮಾನ ನಿಲ್ದಾಣದತ್ತ ಹಾರಿದ ಕ್ಷಿಪಣಿಯ ಪ್ರಕರಣ ನೋಡಿ. ಅದರ ಅವಶೇಷಗಳು ಇರಾನಿನ ಕಿಯಾಮ್ 1ಕ್ಕೆ ಹೊಂದುತ್ತಿದ್ದವು. ವಿಶ್ವಸಂಸ್ಥೆಯ ತಜ್ಞರ ಸಮಿತಿ ಬರೆದದ್ದು ಮಾತ್ರ ಅಳೆದು ತೂಗಿದ ಮಾತು: ನೇರವಾಗಿಯೋ ಬಳಸುದಾರಿಯಲ್ಲೋ ಆಯುಧ ತಲುಪುವುದನ್ನು ತಡೆಯಲು ಇರಾನ್ ಕ್ರಮ ಕೈಗೊಳ್ಳಲಿಲ್ಲ, ಹಾಗಾಗಿ 2015ರ ಭದ್ರತಾ ಮಂಡಳಿ ನಿರ್ಣಯ 2216ಅನ್ನು ಪಾಲಿಸಿಲ್ಲ. ‘ತಡೆಯಲಿಲ್ಲ’ ಮತ್ತು ‘ಕಳಿಸಿತು’ ಎರಡೂ ಒಂದೇ ಅಲ್ಲ. ನೋಟ್‌ಬುಕ್‌ನಲ್ಲಿ ಕ್ರಿಯಾಪದವನ್ನು ವರದಿಯಲ್ಲಿದ್ದಂತೆಯೇ ಬರೆದುಕೊಳ್ಳಿ.

ತಿರುಗುಮುರುಗಾಗುವುದೂ ಉಂಟು. 2019ರ ಸೆಪ್ಟೆಂಬರ್ 14ರಂದು ಸೌದಿಯ ಅಬ್ಕೈಕ್ ಮತ್ತು ಖುರೈಸ್ ತೈಲಸ್ಥಾವರಗಳ ಮೇಲೆ ದಾಳಿಯಾಗಿ ದಿನಕ್ಕೆ ಸುಮಾರು 57 ಲಕ್ಷ ಬ್ಯಾರೆಲ್ ಉತ್ಪಾದನೆ ನಿಂತಿತು. ‘ನಾವೇ ಮಾಡಿದ್ದು’ ಎಂದರು ಹೌತಿಗಳು. ಹಾರಾಟದ ದೂರ, ಬಂದ ದಿಕ್ಕು ನೋಡಿದ ತಜ್ಞರ ಸಮಿತಿ ಅದನ್ನು ಒಪ್ಪಲಿಲ್ಲ, ದಾಳಿ ಉತ್ತರದಿಂದ ಬಂದಿತ್ತು. ತಾನೇ ಮಾಡಿದ್ದು ಎನ್ನುವುದೂ ಪೋಷಕನಿಗೆ ಸಲ್ಲಿಸುವ ಒಂದು ಸೇವೆ ಆಗಿರಬಹುದು.

ಹೌತಿಗಳ ಆಯುಧವೆಲ್ಲ ಹೊರಗಿನದು ಎಂದುಕೊಂಡರೂ ತಪ್ಪಾಗುತ್ತದೆ. 2014ರಲ್ಲಿ ಸನಾ ಹಿಡಿದಾಗ, ಸಲೇಹ್ ನಿಷ್ಠರ ಕೃಪೆಯಿಂದ, ಸೋವಿಯತ್ ಕಾಲದ ಸ್ಕಡ್ ಕ್ಷಿಪಣಿಗಳು ಅವರ ವಶಕ್ಕೆ ಬಂದವು. ವಿಮಾನ ಹೊಡೆಯುವ ಹಳೆಯ ಎಸ್ಎ 2 ಕ್ಷಿಪಣಿಯನ್ನು ನೆಲದ ಗುರಿಗೆ ತಿರುಗಿಸಿ ಕಾಹಿರ್ 1 ಎಂದು ಹೆಸರಿಟ್ಟರು.

ಅಂಕ ಹಾಕಿ

ಪ್ರತಿ ಪಡೆಗೂ ಹಣ, ಆಯುಧ, ಆಜ್ಞೆ ಎಂಬ ಮೂರು ವಿಷಯದಲ್ಲಿ ಪೋಷಕನ ಮೇಲಿನ ಅವಲಂಬನೆಗೆ 0ಯಿಂದ 3ರವರೆಗೆ ಅಂಕ ಕೊಡಿ, ಇಸವಿ ಹಾಕಿ. ನಮ್ಮ ಅಂದಾಜಿನಲ್ಲಿ 2009ರ ಹೌತಿಗಳಿಗೆ ಹಣ 0, ಆಯುಧ 0, ಆಜ್ಞೆ 0. 2022ರಲ್ಲಿ ಹಣ 1, ಆಯುಧ 3, ಆಜ್ಞೆ 1. ಸೌದಿ ಕೂಟ 2015ರ ಮಾರ್ಚ್ 26ರಂದು ಬಾಂಬ್ ಹಾಕಲು ಶುರುಮಾಡಿದ್ದು ಇರಾನ್ ಹಿಡಿತ ತಪ್ಪಿಸಲು. ಆ ಹಿಡಿತ ಗಟ್ಟಿಯಾದದ್ದು ಯುದ್ಧದ ಅವಧಿಯಲ್ಲೇ. ಇಸವಿ ಹಾಕದೆ ಅಂಕ ಕೊಟ್ಟರೆ ಈ ದುರಂತ ಕಾಣುವುದೇ ಇಲ್ಲ.

ಆಜ್ಞೆಗೆ ಅಂಕ ಕೊಡುವಾಗ ಪೋಷಕ ಬೇಡ ಎಂದಾಗ ಪಡೆ ಏನು ಮಾಡಿತು ಎಂಬುದನ್ನು ಹುಡುಕಿ. ಸನಾ ಹಿಡಿಯಬೇಡಿ ಎಂದು ಇರಾನ್ ಹೌತಿಗಳಿಗೆ ಹೇಳಿತ್ತು ಎಂದು 2015ರಲ್ಲಿ ಅಮೆರಿಕದ ಅಧಿಕಾರಿಗಳೇ ತಿಳಿಸಿದ್ದರು. ಹೌತಿಗಳು ಹಿಡಿದರು. ಇನ್ನೊಂದು ಬದಿಯಲ್ಲಿ, 2019ರ ಆಗಸ್ಟ್‌ನಲ್ಲಿ ದಕ್ಷಿಣದ ಮಂಡಳಿ ಏಡನ್ ಕಸಿದುಕೊಂಡಾಗ ಸರ್ಕಾರಿ ಸೇನೆ ಮರಳಿ ಬರಲು ಹೊರಟಿತು. ಆಗಸ್ಟ್ 29ರಂದು ಅದರ ಮೇಲೆ ಬಾಂಬ್ ಹಾಕಿದ್ದು ಯುಎಇ ವಿಮಾನಗಳು. ಒಂದೇ ಕೂಟದ ಎರಡು ದೇಶಗಳ ಪಡೆಗಳು ಹೀಗೆ ಎದುರುಬದುರಾದವು. ನವೆಂಬರ್ 5ರ ರಿಯಾದ್ ಒಪ್ಪಂದ ಆ ಬಿರುಕಿಗೆ ಬಳಿದ ಗಾರೆ.

ಎರಡು ವಾರ ಹಿಂದಕ್ಕೆ ಹೋಗಿ

ದಾಳಿಯ ಸುದ್ದಿ ಬಂದರೆ ಹದಿನೈದು ದಿನ ಹಿಂದಿನ ಯುದ್ಧರಂಗದ ಸುದ್ದಿ ಹುಡುಕಿ. 2022ರ ಜನವರಿ 17ರಂದು ಅಬುಧಾಬಿಯ ಮುಸಫ್ಫಾದಲ್ಲಿ ಇಂಧನ ಡಿಪೊ ಮೇಲೆ ದಾಳಿಯಾಗಿ ಇಬ್ಬರು ಭಾರತೀಯರು, ಒಬ್ಬ ಪಾಕಿಸ್ತಾನಿ ಸತ್ತರು. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳ ಮಕ್ಕಳು ದುಡಿಯುವ ನಗರ ಅದು, ಊರಿನಲ್ಲಿ ಫೋನುಗಳು ನಿಲ್ಲದೆ ಬಡಿದುಕೊಂಡ ದಿನ. ಅಕಸ್ಮಾತ್ತಾಗಿ ಎರಗಿದ ದಾಳಿಯಲ್ಲ ಅದು. ಅದೇ ತಿಂಗಳ ಮೊದಲೆರಡು ವಾರದಲ್ಲಿ ಯುಎಇ ಬೆಂಬಲದ ಅಮಾಲಿಕಾ ಪಡೆ ಹೌತಿಗಳನ್ನು ಮಾರಿಬ್ ಪಕ್ಕದ ಶಬ್ವಾ ಪ್ರಾಂತ್ಯದಿಂದ ಹೊಡೆದಟ್ಟಿ ಮಾರಿಬ್ ಕಡೆ ಒತ್ತಿತ್ತು. ಹಿಡಿಯಲು ಹೊರಟಿದ್ದ ಮಾರಿಬ್ ಕೈತಪ್ಪುತ್ತದೆ ಎಂಬ ಹೌತಿಗಳ ಭಯಕ್ಕೆ ಅಬುಧಾಬಿ ಬೆಲೆ ತೆತ್ತಿತು. ಕೊಲ್ಲಿಯಲ್ಲಿ ಮನೆಯವರಿರುವವರು ಶಬ್ವಾ, ಮಾರಿಬ್ ಎಂಬ ಹೆಸರುಗಳ ಮೇಲೆ ಕಣ್ಣಿಡುವುದು ಒಳ್ಳೆಯದು.

ಕದನವಿರಾಮ ಓದುವುದು

ಸಹಿ ಹಾಕುವ ಫೋಟೊ ಬಿಡಿ, ಎಣಿಸಬಹುದಾದ್ದನ್ನು ಹುಡುಕಿ. 2022ರ ಏಪ್ರಿಲ್ 2ರ ವಿರಾಮದಲ್ಲಿ ಎಣಿಕೆ ಇತ್ತು: ಎರಡು ತಿಂಗಳಲ್ಲಿ ಹೊದೈದಾಕ್ಕೆ 18 ಇಂಧನ ಹಡಗು, ಸನಾದಿಂದ ವಾರಕ್ಕೆ ಎರಡು ವಿಮಾನ, ಮುತ್ತಿಗೆಯಲ್ಲಿದ್ದ ತಾಯಿಝ್ ನಗರದ ರಸ್ತೆಗಳ ಮಾತುಕತೆ. ಹಡಗು ಬಂದವು. ಮೊದಲ ವಿಮಾನ ಮೇ 16ರಂದು ಅಮ್ಮಾನ್‌ಗೆ ಹಾರಿತು. ತಾಯಿಝ್ ರಸ್ತೆ ಆಗ ತೆರೆಯಲಿಲ್ಲ. ಮೂರರಲ್ಲಿ ಎರಡು ಈಡೇರಿದ ವಿರಾಮ ಎರಡು ಸಲ ಮುಂದುವರಿಯಿತು, ಅಕ್ಟೋಬರ್‌ನಲ್ಲಿ ಸಂಬಳದ ಪ್ರಶ್ನೆಗೆ ಮುರಿಯಿತು: ತಮ್ಮ ಸೈನಿಕರಿಗೂ ಸಂಬಳ ಬೇಕೆಂದರು ಹೌತಿಗಳು. ಕೆಲವೇ ವಾರದಲ್ಲಿ ಅವರ ಡ್ರೋನ್‌ಗಳು ಹದ್ರಮೌತ್ ಮತ್ತು ಶಬ್ವಾದ ತೈಲ ರಫ್ತು ಬಂದರುಗಳನ್ನು ಹೊಡೆದವು, ಏಡನ್ ಸರ್ಕಾರದ ಕಚ್ಚಾತೈಲ ರಫ್ತು ನಿಂತಿತು. ಸಂಬಳ, ಬಂದರು, ಮತ್ತೆ ಸಂಬಳ.

ಸಾವಿನ ಸಂಖ್ಯೆಯಲ್ಲೂ ಎಚ್ಚರ ಬೇಕು. 2021ರ ಕೊನೆಗೆ 3,77,000 ಸಾವು ಎಂಬುದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಅಂದಾಜು. ಅದರಲ್ಲಿ ಸುಮಾರು 60 ಶೇಕಡ ಹಸಿವು, ರೋಗ, ಚಿಕಿತ್ಸೆ ಸಿಗದಿದ್ದುದರಿಂದ ಆದ ಸಾವುಗಳು, ಬಹುಪಾಲು ಎಳೆಯ ಮಕ್ಕಳು. ‘ಯುದ್ಧದಲ್ಲಿ ಸತ್ತ ಸೈನಿಕರು’ ಎಂದು ಅದನ್ನು ಬರೆದರೆ ಆ ಮಕ್ಕಳು ಲೆಕ್ಕದಿಂದ ಅಳಿಸಿಹೋಗುತ್ತಾರೆ.

ಪಟ್ಟಿಯನ್ನು ಹೊಸದಾಗಿಡುವುದು

ಐದು ಕಲಮಿನಲ್ಲಿ ಬೇಗ ಹಳತಾಗುವುದು ಎರಡನೆಯದು ಮತ್ತು ಮೂರನೆಯದು, ನೆಲ ಮತ್ತು ಸಂಬಳ. ಮೂರು ತಿಂಗಳಿಗೊಮ್ಮೆ ತಿದ್ದಿ. ಪೋಷಕ ದೇಶಗಳ ನಡುವೆ ರಾಜಿಯೋ ಮುನಿಸೋ ಆದರೆ ಅಂದೇ ಏನನ್ನೂ ಅಳಿಸಬೇಡಿ. ಬೀಜಿಂಗ್ ರಾಜಿಯ ದಿನ ಯುದ್ಧ ಮುಗಿಯಿತು ಎಂದು ಬರೆದುಕೊಂಡವರು, 2023ರ ನವೆಂಬರ್ 19ರಂದು ಗ್ಯಾಲಕ್ಸಿ ಲೀಡರ್ ಹಡಗನ್ನು ಹೌತಿಗಳು ಹಿಡಿದಾಗ ಪುಟವನ್ನೇ ಹರಿಯಬೇಕಾಯಿತು. ಗಾಜಾ ಯುದ್ಧದ ಹೆಸರಿನಲ್ಲಿ ಶುರುವಾದ ಆ ದಾಳಿಗಳಿಂದ ಹಡಗುಗಳು ಗುಡ್ ಹೋಪ್ ಭೂಶಿರ ಸುತ್ತತೊಡಗಿದವು, ಯುರೋಪಿಗೆ ಹತ್ತರಿಂದ ಹದಿನಾಲ್ಕು ದಿನ ಹೆಚ್ಚಾಯಿತು. ನವಮಂಗಳೂರು ಬಂದರಿನಿಂದ ಇಟಲಿ, ಜರ್ಮನಿಗೆ ಹೋಗಬೇಕಿದ್ದ ಕೊಡಗು, ಚಿಕ್ಕಮಗಳೂರಿನ ಕಾಫಿಗೂ ಅದೇ ಸುತ್ತು, ಅದಕ್ಕೆ ತಕ್ಕ ಬಾಡಿಗೆ. ಪಟ್ಟಿಯ ಅಂಚಿನಲ್ಲಿ ಒಂದು ಸಣ್ಣ ಕಲಂ ಹೆಚ್ಚಿಗೆ ಹಾಕಿ ಕಂಟೇನರ್ ಬಾಡಿಗೆಯನ್ನೂ ಬರೆದಿಡಿ. ಮೋಖಾದ ಎದುರಿನ ನೀರಿನಲ್ಲಿ ಏನಾಗುತ್ತಿದೆ ಎಂಬುದು ಎಷ್ಟೋ ಸಲ ಸುದ್ದಿಗಿಂತ ಮೊದಲು ಆ ಅಂಕಿಯಲ್ಲಿ ಕಾಣುತ್ತದೆ.